ನಾಲ್ಕೂ ಗಾಲಿ ದುಡಿಯುವ ಗಾಡಿ

ಕನ್ನಡ ಕಲಿಸುವ ಮಾಸ್ತರರಿಗೆ ಗಾಡಿಯ ಉಸಾಬರಿ ಏತಕ್ಕೆಂದು ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಕೇಳಬಹುದು. ಕೇಳುವುದು ಸಹಜವೇ. ಆದರೆ ನಮ್ಮ ಈ ಸೀಮೆಯಲ್ಲಿ ಮಾಸ್ತರಿಕೆಗೂ ಯಂತ್ರಕ್ಕೂ ಹಳೆಯ ನಂಟಿದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಲಕ್ಷ್ಮಣರಾವ ಕಿರ್ಲೋಸ್ಕರರು ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರಾಗಿದ್ದವರು. 1888ರಲ್ಲಿ ಬೆಳಗಾವಿಯಲ್ಲಿ ಅವರ ಸೈಕಲ್ ಅಂಗಡಿ ಆರಂಭವಾಯಿತು. ಅಲ್ಲಿಂದ ಕಬ್ಬಿಣದ ನೇಗಿಲಿನವರೆಗೆ ಬೆಳೆದ ಆ ಉದ್ಯಮ 1910ರಲ್ಲಿ ನೆಲೆ ನಿಂತ ಊರೇ ಇಂದು ಸಾಂಗಲಿ ಜಿಲ್ಲೆಯಲ್ಲಿರುವ ಕಿರ್ಲೋಸ್ಕರವಾಡಿ. ನಾವು ಅಷ್ಟು ದೊಡ್ಡವರೇನಲ್ಲ. ಆದರೂ ದಿನವೂ ಏರಿ ಕುಳಿತುಕೊಳ್ಳುವ ಗಾಡಿಯ ವಿಷಯದಲ್ಲಿ ನಾಲ್ಕು ಮಾತು ತಿಳಿದಿರುವುದು ಯಾವ ವಿಷಯದ ಶಿಕ್ಷಕರಿಗೂ ಅಗೌರವದ ಸಂಗತಿಯಲ್ಲ.

ನಮ್ಮ ಶಾಲೆಯಿರುವುದು ಜತ್ತ ತಾಲೂಕಿನಲ್ಲಿ. ನಾವು ನಾಲ್ವರು ಶಿಕ್ಷಕರ ವಾಸ ಸಾಂಗಲಿ, ಮಿರಜಗಳಲ್ಲಿ. ಕವಠೆ ಮಹಾಂಕಾಳ, ನಾಗಜಗಳನ್ನು ಹಾಯ್ದು ಹೋಗಿ ಬರಲು ದಿನಕ್ಕೆ ಸುಮಾರು 150 ಕಿ.ಮೀ. ಆಗುತ್ತದೆ. ಎಸ್.ಟಿ. ಬಸ್ಸನ್ನೇ ನಂಬಿದ ದಿನಗಳಲ್ಲಿ ಮೊದಲ ತಾಸು ನಮಗೆ ಸಿಕ್ಕುತ್ತದೆಂಬ ಭರವಸೆ ಇರಲಿಲ್ಲ. ಕೊನೆಯ ಕೆಲವು ಕಿಲೋಮೀಟರು ಎರೆ ಭೂಮಿಯ ಹಾದಿ. ಹಿಂಗಾರಿನ ಮಳೆ ಬಿದ್ದರೆ ಆ ಮಣ್ಣು ಚಪ್ಪಲಿಯನ್ನೇ ಬಿಡುವುದಿಲ್ಲ, ಗಾಲಿಯನ್ನು ಬಿಟ್ಟೀತೇ? ಈ ಕಾರಣದಿಂದ ನಮ್ಮ ಗಣಿತದ ಶಿಕ್ಷಕರು ಸಾಲ ಮಾಡಿ 2016ರ ಮಾದರಿಯ ರೆನೋ ಡಸ್ಟರ್ ಗಾಡಿಯೊಂದನ್ನು ಎರಡನೆಯ ಕೈಯಿಂದ ಕೊಂಡರು. ಅದು ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ಹೋಗುವ ಗಾಡಿ. ಆ ಮಾದರಿ ನಮ್ಮ ದೇಶದಲ್ಲಿ 2014ರಲ್ಲಿ ಮಾರಾಟಕ್ಕೆ ಬಂದಿತ್ತು. ಈಗ ಹೊಸದಾಗಿ ಸಿಕ್ಕುವುದಿಲ್ಲ. 2022ರಲ್ಲಿ ಬಂದ ಮಾರುತಿ ಸುಝುಕಿಯ ಗ್ರ್ಯಾಂಡ್ ವಿಟಾರಾದಲ್ಲಿಯೂ ಇಂಥ ಏರ್ಪಾಡಿನ ಮಾದರಿಯೊಂದಿದೆ. ಗಾಡಿ ಅವರದು, ಡಿಸೇಲು, ದುರಸ್ತಿಗಳ ಖರ್ಚು ನಾಲ್ವರದು ಎಂದು ಒಪ್ಪಂದವಾಯಿತು. ಗಾಡಿ ನಿಂತರೆ ನಾಲ್ಕು ವರ್ಗಗಳಲ್ಲಿ ಪಾಠ ನಿಲ್ಲುತ್ತದೆ. ಆದ್ದರಿಂದ ಅದರ ಯೋಗಕ್ಷೇಮ ನಮಗೆ ಶಾಲೆಯ ಕೆಲಸವೇ ಆಗಿದೆ. ನಮ್ಮ ಸಹೋದ್ಯೋಗಿಯಂತೆ ಇಂಥ ಗಾಡಿಯನ್ನು ಹೊಸದಾಗಿ ಕೊಂಡವರಿಗೂ, ನಾಳೆ ಕೊಳ್ಳಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೂ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇವೆ.

ಮೊದಲು ಗಾಡಿಯ ಒಳಗಿನ ರಚನೆಯನ್ನು ನೋಡೋಣ. ಗಾಡಿ ಒಂದು ತಿರುವಿನಲ್ಲಿ ಹೊರಳುವಾಗ ಹೊರಗಿನ ಗಾಲಿ ಹೆಚ್ಚು ದೂರ ಓಡುತ್ತದೆ, ಒಳಗಿನದು ಕಡಿಮೆ ಓಡುತ್ತದೆ. ಇಬ್ಬರು ಹುಡುಗರು ಕೈ ಹಿಡಿದುಕೊಂಡು ಮೈದಾನದ ಮೂಲೆಯನ್ನು ಸುತ್ತಿದರೆ ಹೊರಗಿನವನು ದೊಡ್ಡ ಹೆಜ್ಜೆ ಇಡಬೇಕಾಗುವುದಿಲ್ಲವೇ, ಹಾಗೆ. ಈ ವ್ಯತ್ಯಾಸಕ್ಕೆ ಅವಕಾಶ ಕೊಡಲು ಎರಡು ಗಾಲಿಗಳ ನಡುವೆ ಹಲ್ಲಿನ ಚಕ್ರಗಳ ಒಂದು ಡಬ್ಬಿ ಇರುತ್ತದೆ. ಅದಕ್ಕೆ ಡಿಫರೆನ್ಷಿಯಲ್ ಎಂದು ಹೆಸರು. ನಮ್ಮ ಕಡೆಯ ಮಿಸ್ತ್ರಿಗಳು ಹಿಂದಿನದನ್ನು ‘ಕ್ರೌನು’ ಎಂದೇ ಕರೆಯುತ್ತಾರೆ. ನಾಲ್ಕೂ ಗಾಲಿಗಳಿಗೆ ಬಲ ಕೊಟ್ಟಾಗ ಇನ್ನೊಂದು ತೊಡಕು ಹುಟ್ಟುತ್ತದೆ. ತಿರುವಿನಲ್ಲಿ ಮುಂದಿನ ಜೋಡಿಯೂ ಹಿಂದಿನ ಜೋಡಿಯೂ ಸಮನಾದ ದೂರ ಓಡುವುದಿಲ್ಲ. ಹಳೆಯ ಜೀಪುಗಳಲ್ಲಿ ಇವೆರಡರ ನಡುವೆ ಸಡಿಲಿಕೆ ಇರಲಿಲ್ಲ. ಆದ್ದರಿಂದ ಕೆಸರಿನಲ್ಲಿ ಮಾತ್ರ ನಾಲ್ಕು ಗಾಲಿಯ ಹಿಡಿಕೆಯನ್ನು ಎಳೆದು, ಡಾಂಬರು ರಸ್ತೆಗೆ ಬಂದೊಡನೆ ಚಾಲಕರು ಅದನ್ನು ಬಿಡಿಸುತ್ತಿದ್ದರು. ಬಿಡಿಸದಿದ್ದರೆ ಒಳಗಿನ ಹಲ್ಲುಗಳು ಒಂದರೊಡನೊಂದು ಜಗ್ಗಾಡುತ್ತಿದ್ದವು.

ಈಗಿನ ಗಾಡಿಗಳಲ್ಲಿ ಆ ಕೆಲಸವನ್ನು ಕಪ್ಲಿಂಗ್ ಎಂಬ ಭಾಗ ಮಾಡುತ್ತದೆ. ಅದು ತಟ್ಟೆಗಳ ಒಂದು ಕಟ್ಟು. ಒಳ್ಳೆಯ ರಸ್ತೆಯಲ್ಲಿ ತಟ್ಟೆಗಳು ಸಡಿಲವಾಗಿದ್ದು, ಗಾಡಿ ಹೆಚ್ಚಾಗಿ ಮುಂದಿನ ಗಾಲಿಗಳಿಂದಲೇ ಓಡುತ್ತದೆ. ಮುಂದಿನ ಗಾಲಿ ಜಾರತೊಡಗಿದರೆ ತಟ್ಟೆಗಳು ಬಿಗಿದು ಹಿಂದಿನ ಗಾಲಿಗಳಿಗೂ ಬಲ ಹೋಗುತ್ತದೆ. ಡಸ್ಟರಿನಲ್ಲಿ ಇದಕ್ಕೊಂದು ಗುಂಡಿ ಉಂಟು: ಎರಡು ಗಾಲಿ, ಆಟೋ, ಲಾಕ್ ಎಂದು ಮೂರು ಸ್ಥಾನ. ಲಾಕ್ ಎಂಬುದು ಕೆಸರಿಗೆ ಮಾತ್ರ. ಕೆಸರಿನಲ್ಲಿ ಸಿಕ್ಕಿಕೊಂಡಾಗ ಗಾಲಿಗಳನ್ನು ಬಹಳ ಹೊತ್ತು ಸುಮ್ಮನೆ ಗರಗರ ತಿರುಗಿಸಿದರೆ ಈ ತಟ್ಟೆಗಳು ಕಾಯುತ್ತವೆ. ಗಾಡಿಯು ತನ್ನ ರಕ್ಷಣೆಗಾಗಿ ಹಿಂದಿನ ಬಲವನ್ನು ತಾನೇ ಕಡಿದುಕೊಂಡು ದೀಪ ತೋರಿಸುತ್ತದೆ. ಆಗ ಬಯ್ಯುತ್ತ ಕೂಡುವ ಬದಲು ಅರ್ಧ ತಾಸು ಆರಲು ಬಿಟ್ಟು, ಗಾಲಿಯ ಮುಂದಿನ ಮಣ್ಣು ತೆಗೆದು, ನಾಲ್ಕು ಕಲ್ಲು ಇಟ್ಟು ಹೊರಡುವುದು ಬುದ್ಧಿವಂತಿಕೆ.

ಈಗ ಮುಖ್ಯ ಮಾತಿಗೆ ಬರುತ್ತೇವೆ. ಇಂಥ ಗಾಡಿಯ ಆಯುಷ್ಯ ನಾಲ್ಕು ಟಾಯರುಗಳ ಸಮಾನತೆಯ ಮೇಲೆ ನಿಂತಿದೆ. ಇದು ನಮಗೆ ಮನವರಿಕೆಯಾದದ್ದು ಕಳೆದ ಜನವರಿಯಲ್ಲಿ. ಶಾಲೆಯ ಹತ್ತಿರದ ಹಾದಿಯಲ್ಲಿ ಚೂಪಾದ ಕಲ್ಲೊಂದು ಹಿಂದಿನ ಎಡ ಟಾಯರಿನ ಪಕ್ಕೆಯನ್ನು ಸೀಳಿತು. ಪಕ್ಕೆ ಸೀಳಿದ ಟಾಯರಿಗೆ ಪಂಕ್ಚರ್ ಹಾಕಿ ಓಡಿಸುವಂತಿಲ್ಲ. ಉಳಿದ ಮೂರು ಅರ್ಧ ಸವೆದಿದ್ದವು. ಒಂದು ಹೊಸ ಟಾಯರಿನ ಬೆಲೆ ಸುಮಾರು ಒಂಬತ್ತು ಸಾವಿರ. ಒಂದನ್ನು ಹಾಕಿಸಿ ಮುಂದೆ ನೋಡೋಣವೆಂದು ಗಣಿತದ ಶಿಕ್ಷಕರು ಹೇಳಿದರು. ಸಾಲದ ಕಂತು ತುಂಬುವವರ ಬಾಯಲ್ಲಿ ಆ ಮಾತು ಬಂದರೆ ತಪ್ಪೇನು? ಆದರೆ ಮಿರಜದ ನಮ್ಮ ಪರಿಚಯದ ಮಿಸ್ತ್ರಿ ಟಾಯರನ್ನು ಕೈಗೆತ್ತಿಕೊಳ್ಳಲಿಲ್ಲ.

“ಮಾಸ್ತರ್ರೀ, ಒಂದ ಹಾಕಿ ಕೊಡು ಅಂದ್ರ ಹಾಕಿ ಕೊಡ್ತೀನಿ. ಆದ್ರ ಇದು ಫೋರ್ ಬೈ ಫೋರ್ ಗಾಡಿ ಐತಿ. ಇವತ್ತ ಉಳಿಸಿದ ರೊಕ್ಕ ನಾಳೆ ಒಳಗಿನ ಕಪ್ಲಿಂಗಿಗೆ ಹೋಗ್ತೈತ್ರಿ” ಎಂದನು.

ನಮ್ಮ ವಿಜ್ಞಾನದ ಅಕ್ಕೋರು ಅದನ್ನು ಹಾಗೆಯೇ ಒಪ್ಪಲಿಲ್ಲ. “ಯಾಕ ಅಂತ ಲೆಕ್ಕ ಮಾಡಿ ನೋಡೋಣ್ರಿ ಸರ್” ಎಂದು ಗಣಿತದವರ ಕೈಗೇ ಸುಣ್ಣದ ಕಡ್ಡಿ ಕೊಟ್ಟರು. ಲೆಕ್ಕ ಹತ್ತನೆಯ ವರ್ಗದ ಹುಡುಗರು ಮಾಡಬಲ್ಲಂಥದು. ಆದ್ದರಿಂದ ಇಲ್ಲಿ ಕೊಡುತ್ತೇವೆ.

ನಮ್ಮ ಟಾಯರಿನ ಮೇಲೆ 215/65 ಆರ್ 16 ಎಂದು ಬರೆದಿದೆ. 215 ಎಂದರೆ ಟಾಯರಿನ ಅಗಲ, ಮಿಲಿಮೀಟರಿನಲ್ಲಿ. 65 ಎಂದರೆ ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 65 ಪಾಲು. 16 ಎಂದರೆ ಒಳಗಿನ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಇವುಗಳಿಂದ ಹೊಸ ಟಾಯರಿನ ತ್ರಿಜ್ಯ ಸುಮಾರು 343 ಮಿ.ಮೀ. ಎಂದೂ, ಪರಿಧಿ ಸುಮಾರು 2,155 ಮಿ.ಮೀ. ಎಂದೂ ಸಿಗುತ್ತದೆ. ಹೊಸ ಟಾಯರಿನ ಗೀರುಗಳ ಆಳ 8 ಮಿ.ಮೀ. ಇದ್ದು, ಹಳೆಯದು 4ಕ್ಕೆ ಇಳಿದಿದ್ದರೆ ತ್ರಿಜ್ಯ 339, ಪರಿಧಿ 2,130. ಅಂದರೆ ಒಂದು ಕಿಲೋಮೀಟರು ಓಡಲು ಹೊಸ ಗಾಲಿ 464 ಸುತ್ತು ಸುತ್ತಿದರೆ ಹಳೆಯದು 469½ ಸುತ್ತಬೇಕು. ಕಿಲೋಮೀಟರಿಗೆ ಐದೂವರೆ ಸುತ್ತಿನ ಅಂತರ. 150 ಕಿ.ಮೀ.ಗೆ ಎಂಟು ನೂರಕ್ಕೂ ಮೇಲೆ. ಗಾಡಿ ನೆಟ್ಟಗಿನ ರಸ್ತೆಯಲ್ಲಿ ಹೋಗುತ್ತಿದ್ದರೂ ಒಳಗಿನ ಹಲ್ಲುಗಳಿಗೆ ಮಾತ್ರ ಅದು ಎಂದೂ ಮುಗಿಯದ ತಿರುವು. ಹಿಂದಿನ ಒಂದೇ ಗಾಲಿ ದೊಡ್ಡದಾದರೆ ಈ ಅಂತರವನ್ನು ಹಿಂದಿನ ಕ್ರೌನು ನಿತ್ಯವೂ ನುಂಗಬೇಕು. ಅದರ ಅರ್ಧ ಮಧ್ಯದ ಕಪ್ಲಿಂಗಿನ ಮೇಲೆಯೂ ಬೀಳುತ್ತದೆ. ತಟ್ಟೆಗಳು ಬಿಗಿದಾಗಲೆಲ್ಲ ಅಲ್ಲಿ ತಿಕ್ಕಾಟ, ಬಿಸಿ, ಸವೆತ. ಎರಡು ಗಾಲಿ ಎಳೆಯುವ ಗಾಡಿಗೆ ಒಂದು ಜೋಡಿ ಟಾಯರು ಬದಲಿಸಿದರೆ ಸಾಕಾಗುತ್ತದೆ. ಈ ಗಾಡಿಯಲ್ಲಿ ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ನಂಟಿರುವುದರಿಂದ ಹಾಗೆ ನಡೆಯದು.

ಮಿರಜದವರಿಗೆ ಇದನ್ನು ತಿಳಿಸಲು ದೂರ ಹೋಗಬೇಕಾಗಿಲ್ಲ. ನಮ್ಮೂರಿನ ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಆ ತಂಬೂರಿಗೂ ನಾಲ್ಕೇ ತಂತಿ. ಮೂರು ಸರಿಯಿದ್ದು ಒಂದು ಇಳಿದಿದ್ದರೆ ಹಾಡುವವರು ಮೂರರ ಆಧಾರದಿಂದ ಹಾಡುತ್ತಾರೆಯೇ? ನಿಲ್ಲಿಸಿ, ಶ್ರುತಿ ಮಾಡಿಕೊಂಡು ಮುಂದುವರಿಯುತ್ತಾರೆ.

ಲೆಕ್ಕ ಮುಗಿದ ಮೇಲೆ ಹಣದ ಪ್ರಶ್ನೆ ಉಳಿಯಿತು. ನಾಲ್ಕು ಟಾಯರಿಗೆ ಮೂವತ್ತಾರು ಸಾವಿರ. ಗಾಡಿಯ ಮಾಲೀಕರು ಆ ರಾತ್ರಿ, ಗಾಡಿ ಮಾರಿ ಸಮೀಪದ ಯಾವುದಾದರೂ ಶಾಲೆಗೆ ಅರ್ಜಿ ಹಾಕುವ ಮಾತನ್ನೂ ಆಡಿದರು. ಮಾರ್ಚಿನ ಪರೀಕ್ಷೆಗೆ ಎರಡು ತಿಂಗಳಿತ್ತು. ಗಡಿಯ ಕನ್ನಡ ಶಾಲೆಗೆ ನಡುವರುಷದಲ್ಲಿ ಗಣಿತದ ಶಿಕ್ಷಕರು ಸಿಕ್ಕುವುದು ಎಷ್ಟು ಕಷ್ಟವೆಂಬುದು ಈ ಸಂಚಿಕೆಯನ್ನು ಓದುವ ಪಾಲಕರಿಗೆ ಗೊತ್ತಿದೆ. ಮರುದಿನ ಸಾಯಂಕಾಲ ಹಿಂದಿಯ ಶಿಕ್ಷಕರು, “ಗಾಡ್ಯಾಗ ಕೂಡಾವ್ರು ನಾಲ್ಕ ಮಂದಿ, ಗಾಲಿನೂ ನಾಲ್ಕ. ತಲಾ ಒಂದ ಕೊಂಡ್ರ ತೀರಿತಲ್ಲ?” ಎಂದರು. ನಾವು ನಾಲ್ವರೂ ತಲಾ ಒಂದೊಂದು ಟಾಯರು ಕೊಂಡೆವು. ಎರಡು ದಿನ ಬಸ್ಸಿಗೆ ಓಡಾಡಿದ್ದಾಯಿತು. ಮೂರನೆಯ ದಿನ ಗಾಡಿ ಹೊರಟಿತು. ಪರೀಕ್ಷೆಯವರೆಗೆ ಗಣಿತದ ಒಂದು ತಾಸೂ ತಪ್ಪಲಿಲ್ಲ.

ಹೊಸ ಮಾಲೀಕರು ಇಷ್ಟು ಖರ್ಚಿಗೆ ಬೀಳದಂತೆ ಮೊದಲಿನಿಂದಲೇ ಮಾಡಬಹುದಾದ ಕೆಲಸಗಳಿವೆ.

ಮೊದಲನೆಯದು ಹವಾ. ಬೆಳಿಗ್ಗೆ ಗಾಡಿ ಹೊರಡುವ ಮುನ್ನ, ಟಾಯರು ತಣ್ಣಗಿರುವಾಗ ಹವಾ ನೋಡಬೇಕು. ಎಷ್ಟಿರಬೇಕೆಂಬುದನ್ನು ಹೆಚ್ಚಿನ ಗಾಡಿಗಳಲ್ಲಿ ಚಾಲಕನ ಬಾಗಿಲ ಬಳಿ ಅಂಟಿಸಿದ ಚೀಟಿಯಲ್ಲಿ ಬರೆದಿರುತ್ತಾರೆ. ಹವಾ ಇಳಿದ ಗಾಲಿಯೂ ಸಣ್ಣ ಗಾಲಿಯೇ ಎಂಬುದನ್ನು ಮರೆಯಬಾರದು. ಎರಡನೆಯದು ಅದಲು ಬದಲು. ಮುಂದಿನ ಟಾಯರು ಬೇಗ ಸವೆಯುತ್ತವೆ. ಪ್ರತಿ 10,000 ಕಿ.ಮೀ.ಗೆ ಹಿಂದಿನದನ್ನು ಮುಂದಕ್ಕೂ, ಮುಂದಿನದನ್ನು ಹಿಂದಕ್ಕೂ ಹಾಕಿಸಿದರೆ ನಾಲ್ಕೂ ಒಂದೇ ಸಮನಾಗಿ ಸವೆಯುತ್ತವೆ. ನಮ್ಮ ಓಡಾಟಕ್ಕೆ ಅದು 67 ಶಾಲಾ ದಿನಗಳಿಗೊಮ್ಮೆ ಬರುತ್ತದೆ. ಸ್ಟೆಪ್ನಿಯೂ ಅದೇ ಅಳತೆ, ಅದೇ ಕಂಪನಿಯದಾಗಿದ್ದರೆ ಅದನ್ನೂ ಈ ಸರದಿಯಲ್ಲಿ ಸೇರಿಸಬೇಕು. ಆಗ ಒಂದು ಟಾಯರು ಹೋದರೂ ಜತೆಗಾರನಂತೆ ಸವೆದ ಐದನೆಯದು ಡಿಕ್ಕಿಯಲ್ಲಿಯೇ ಸಿದ್ಧವಾಗಿರುತ್ತದೆ. ಸ್ಟೆಪ್ನಿ ಬೇರೆ ಅಳತೆಯದಾಗಿದ್ದರೆ ಗುಂಡಿಯನ್ನು ಎರಡು ಗಾಲಿಗೆ ತಿರುಗಿಸಿ, ಮೆಲ್ಲಗೆ, ಹತ್ತಿರದ ಅಂಗಡಿಯವರೆಗೆ ಮಾತ್ರ ಓಡಿಸಬೇಕು.

ಮೂರನೆಯದು ಅಳತೆ. ತಿಂಗಳಿಗೊಮ್ಮೆ ಗೀರುಗಳ ಆಳವನ್ನು ಅಳೆದು ಬರೆದಿಡಬೇಕು. ನಾಲ್ಕರಲ್ಲಿ ಎಷ್ಟು ಅಂತರ ಸಲ್ಲುತ್ತದೆಂಬುದನ್ನು ಗಾಡಿಯ ಕೈಪಿಡಿ ಹೇಳುತ್ತದೆ. ಗಾಡಿಯಿಂದ ಗಾಡಿಗೆ ಅದು ಬೇರೆ, ಎಲ್ಲದರಲ್ಲಿಯೂ ಕೆಲವೇ ಮಿಲಿಮೀಟರಿನ ಮಾತು. ಆಳ 1.6 ಮಿ.ಮೀ.ಗೆ ಇಳಿದರೆ ಟಾಯರಿನ ಆಯುಷ್ಯ ಮುಗಿಯಿತು. ಪಕ್ಕೆಯ ಮೇಲೆ ನಾಲ್ಕು ಅಂಕಿಗಳ ಒಂದು ಗುರುತಿರುತ್ತದೆ: 2219 ಎಂದಿದ್ದರೆ ಅದು 2019ರ 22ನೆಯ ವಾರದಲ್ಲಿ ತಯಾರಾದದ್ದು. ಟಾಯರು ಕೊಳ್ಳುವಾಗ ಇದನ್ನು ಓದಿಯೇ ಹಣ ಕೊಡಬೇಕು.

ನಾಲ್ಕನೆಯದು ಆಯಿಲು. ಎಂಜಿನ್ ಆಯಿಲನ್ನು ಎಲ್ಲರೂ ಬದಲಿಸುತ್ತಾರೆ. ಈ ಗಾಡಿಯಲ್ಲಿ ಗಿಯರ್ ಪೆಟ್ಟಿಗೆ, ಅದಕ್ಕೆ ಹೊಂದಿಕೊಂಡು ಬಲವನ್ನು ಹಿಂದಕ್ಕೆ ತಿರುಗಿಸುವ ಪೆಟ್ಟಿಗೆ, ಹಿಂದಿನ ಕ್ರೌನು ಇವುಗಳ ಆಯಿಲೂ ಇವೆ. ಕಣ್ಣಿಗೆ ಬೀಳದವುಗಳನ್ನು ಕೇಳುವವರಿಲ್ಲ. ಎರಡನೆಯ ಕೈಯಿಂದ ಕೊಂಡವರು ಹಳೆಯ ಬಿಲ್ಲುಗಳಲ್ಲಿ ಇವುಗಳ ಹೆಸರಿದೆಯೇ ನೋಡಬೇಕು. ಇಲ್ಲದಿದ್ದರೆ ಕೈಪಿಡಿಯಲ್ಲಿ ಹೇಳಿದ ಜಾತಿಯ ಆಯಿಲನ್ನೇ ತುಂಬಿಸಿ ಹೊಸ ಲೆಕ್ಕ ಆರಂಭಿಸಬೇಕು. ಹಾಗೆಯೇ ಗಾಲಿಗಳನ್ನು ತಿರುಗಿಸುವ ಶಾಫ್ಟುಗಳ ತುದಿಗಳಿಗೆ ಗ್ರೀಸು ತುಂಬಿದ ರಬ್ಬರಿನ ಬೂಟುಗಳಿರುತ್ತವೆ. ಮುಂದಿನ ಗಾಲಿಗಳಷ್ಟೇ ಎಳೆಯುವ ಗಾಡಿಗೆ ಅವು ನಾಲ್ಕು. ನಮ್ಮ ಗಾಡಿಗೆ ಎಂಟು. ನಮ್ಮ ಹಾದಿಯ ಜಾಲಿಯ ಮುಳ್ಳಿಗೆ ಅವು ಮೆತ್ತಗಿನ ತುತ್ತು. ಬೂಟು ಹರಿದಿದ್ದು ಮೊದಲೇ ಕಂಡರೆ ರಬ್ಬರಿನ ಖರ್ಚು. ಕಾಣದಿದ್ದರೆ ಗ್ರೀಸು ಹೋಗಿ, ಮಣ್ಣು ಹೊಕ್ಕು, ಇಡೀ ಜಾಯಿಂಟಿನ ಖರ್ಚು. ಉಗುರಿನಿಂದ ಹೋಗುವುದಕ್ಕೆ ಕೊಡಲಿ ತರಬಾರದು.

ಐದನೆಯದು ಜ್ಯಾಕು ಮತ್ತು ಎಳೆದೊಯ್ಯುವಿಕೆ. ಒಂದು ಗಾಲಿಯನ್ನು ಜ್ಯಾಕಿನ ಮೇಲೆ ಎತ್ತಿದಾಗ ಎಂಜಿನ್ ಚಾಲೂ ಮಾಡಿ ಗಿಯರ್ ಹಾಕಬಾರದು. ನೆಲದ ಮೇಲಿನ ಗಾಲಿ ಗಾಡಿಯನ್ನು ಮುಂದಕ್ಕೆ ದೂಡಿ ಅನಾಹುತವಾದೀತು. ಕೆಟ್ಟು ನಿಂತ ಗಾಡಿಯನ್ನು ಮುಂದಿನ ಎರಡು ಗಾಲಿ ಎತ್ತಿ ಕೊಕ್ಕೆಯಿಂದ ಎಳೆದೊಯ್ಯಲು ಬಿಡಬಾರದು. ನಾಲ್ಕೂ ಗಾಲಿ ನೆಲ ಬಿಡುವಂತೆ ಲಾರಿಯ ಮೇಲೆಯೇ ಸಾಗಿಸಬೇಕು.

ಕೊನೆಯದಾಗಿ ನೀರಿನ ಮಾತು. ನಮ್ಮ ಜಿಲ್ಲೆಯ ಪೂರ್ವಕ್ಕೆ ಬರ, ಪಶ್ಚಿಮಕ್ಕೆ ನೆರೆ. ಸಾಂಗಲಿಯ ಆಯರ್ವಿನ್ ಪೂಲಿನ ಬಳಿ ಕೃಷ್ಣೆಯ ಅಪಾಯದ ಮಟ್ಟ 45 ಅಡಿ. 2019ರ ಆಗಸ್ಟಿನಲ್ಲಿ ನೀರು 57 ಅಡಿ ದಾಟಿತು. 2021ರ ಜುಲೈಯಲ್ಲಿ ಮತ್ತೆ ನೆರೆ ಬಂತು. ನಾಲ್ಕೂ ಗಾಲಿ ಎಳೆಯುವ ಗಾಡಿ ಇದೆಯೆಂದು ಇಂಥ ನೀರಿನಲ್ಲಿ ಇಳಿಯುವವರನ್ನು ಕಂಡಿದ್ದೇವೆ. ಗಾಲಿ ನೆಲವನ್ನು ಒತ್ತಿದಷ್ಟೇ ಅದಕ್ಕೆ ಹಿಡಿತ. ಹರಿಯುವ ನೀರು ಗಾಡಿಯನ್ನು ಎತ್ತತೊಡಗಿದರೆ ನಾಲ್ಕಲ್ಲ, ನಲವತ್ತು ಗಾಲಿಗೆ ಬಲ ಕೊಟ್ಟರೂ ಫಲವಿಲ್ಲ. ಸಣ್ಣ ಗಾಡಿಯನ್ನು ಸರಿಸಲು ಒಂದಡಿ ನೀರಿನ ಓಟವೇ ಸಾಕು. ಎಂಜಿನ್ನು ನೀರು ಕುಡಿದು ನಿಂತರೆ ಮತ್ತೆ ಚಾಲೂ ಮಾಡಲು ಹೋಗಬಾರದು. ನೀರು ಒತ್ತಡಕ್ಕೆ ಕುಗ್ಗುವುದಿಲ್ಲವಾದ್ದರಿಂದ ಒಳಗಿನ ರಾಡುಗಳು ಬಾಗುತ್ತವೆ.

ಆಳವಿಲ್ಲದ ಹಳ್ಳವನ್ನು ದಾಟಿದ ಮೇಲೂ ಒಂದು ಪರೀಕ್ಷೆ ಬೇಕು. ದೂರ ಓಡಿ ಬಿಸಿಯಾದ ಕ್ರೌನಿನ ಡಬ್ಬಿ ತಣ್ಣೀರಿನಲ್ಲಿ ಒಮ್ಮೆಲೆ ಆರುತ್ತದೆ. ಒಳಗಿನ ಗಾಳಿ ಕುಗ್ಗಿ, ಉಸಿರಾಟದ ರಂಧ್ರದಿಂದ ನೀರನ್ನು ಒಳಗೆಳೆಯುತ್ತದೆ. ಆಯಿಲು ಹಾಲು ಬೆರೆತ ಚಹದ ಬಣ್ಣಕ್ಕೆ ತಿರುಗಿದ್ದರೆ ತಡ ಮಾಡದೆ ಬದಲಿಸಬೇಕು. ಎರಡನೆಯ ಕೈಯ ಗಾಡಿ ಕೊಳ್ಳುವವರು ಸೀಟಿನ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೆಸರಿನ ಕಲೆ ಇದೆಯೇ ನೋಡಲಿ; ಸೀಟಿನ ಕೆಳಗಿನ ಕಬ್ಬಿಣದ ಪಟ್ಟಿಗೆ ತುಕ್ಕು ಹಿಡಿದಿದೆಯೇ, ನೆಲಹಾಸಿನಡಿ ಮುಗ್ಗಿದ ವಾಸನೆಯಿದೆಯೇ ನೋಡಲಿ. ನೆರೆಯಲ್ಲಿ ಮುಳುಗಿದ ಗಾಡಿ ಹೊರಗಿನ ಹೊಳಪಿನಲ್ಲಿ ತನ್ನ ಕಥೆ ಹೇಳುವುದಿಲ್ಲ.

ಇನ್ನೊಂದು ಭ್ರಮೆಯನ್ನೂ ಬಿಡಬೇಕು. ನಾಲ್ಕು ಗಾಲಿಯ ಬಲವಿರುವುದು ಹೊರಡಲು, ನಿಲ್ಲಲು ಅಲ್ಲ. ಬ್ರೇಕು ಎಲ್ಲ ಕಾರುಗಳಲ್ಲಿಯೂ ನಾಲ್ಕೂ ಗಾಲಿಗಳಿಗಿದೆ. ಒದ್ದೆ ರಸ್ತೆಯಲ್ಲಿ ನಮ್ಮ ಗಾಡಿ ಇತರರಿಗಿಂತ ಚೆನ್ನಾಗಿ ಮುಂದೆ ಸಾಗೀತು, ಆದರೆ ಅವರಿಗಿಂತ ಬೇಗ ನಿಲ್ಲಲಾರದು. ಇಂದು ವಿದ್ಯುತ್ತಿನ ಗಾಡಿಗಳಲ್ಲಿ ಮುಂದಕ್ಕೊಂದು, ಹಿಂದಕ್ಕೊಂದು ಮೋಟಾರು ಇಟ್ಟು ನಾಲ್ಕೂ ಗಾಲಿ ತಿರುಗಿಸುವುದುಂಟು. 2025ರಲ್ಲಿ ಬಂದ ಟಾಟಾ ಹ್ಯಾರಿಯರ್ ವಿದ್ಯುತ್ ಗಾಡಿಯ ಒಂದು ಮಾದರಿ ಅಂಥದು. ಅಲ್ಲಿ ನಡುವಿನ ಉದ್ದ ಶಾಫ್ಟಿಲ್ಲ. ಆದರೂ ಬ್ರೇಕಿನ ನಿಯಮ ಅಲ್ಲಿಯೂ ಇದೇ.

ನಮ್ಮ ಗಾಡಿಯ ಮುಂದಿನ ಖಾನೆಯಲ್ಲಿ ಈಗ ನೂರು ಪುಟದ ಒಂದು ವಹಿ ಇದೆ. ಪ್ರತಿ ತಿಂಗಳ ಮೊದಲ ಶನಿವಾರ ಹವಾ, ಐದೂ ಟಾಯರುಗಳ ಆಳ, ಆಯಿಲು, ರಬ್ಬರಿನ ಬೂಟುಗಳು ಇವುಗಳ ಸ್ಥಿತಿಯನ್ನು ನಾಲ್ವರಲ್ಲಿ ಒಬ್ಬರು ಸರದಿಯಂತೆ ನೋಡಿ ಬರೆದು ಸಹಿ ಮಾಡುತ್ತಾರೆ. ಬಿಲ್ಲುಗಳನ್ನು ಹಿಂದಿನ ಪುಟಗಳಿಗೆ ಅಂಟಿಸುತ್ತೇವೆ. ತಿಂಗಳಿಗೆ ತಲಾ ಐನೂರು ರೂಪಾಯಿಯಂತೆ ಬೇರೆಯಾಗಿ ಕೂಡಿಡುತ್ತೇವೆ. ಮುಂದಿನ ನಾಲ್ಕು ಟಾಯರಿನ ವೇಳೆಗೆ ಯಾರೂ ರಾತ್ರಿ ನಿದ್ದೆಗೆಡಬಾರದೆಂದು. ಈ ಲೇಖನ ಬರೆಯುವ ಹೊತ್ತಿಗೆ ನಾಲ್ಕೂ ಟಾಯರುಗಳ ಆಳದಲ್ಲಿ ಅರ್ಧ ಮಿಲಿಮೀಟರಿಗಿಂತ ಹೆಚ್ಚಿನ ಅಂತರವಿಲ್ಲ. ಗಾಡಿ ಕೊಂಡಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಇಂಥದೊಂದು ವಹಿಯನ್ನು ಇಂದೇ ತೆರೆಯಲಿ. ಮಾದರಿ ನೋಡಬೇಕೆನ್ನುವವರು ಶಾಲೆಗೆ ಬಂದರೆ ನಮ್ಮದನ್ನು ಸಂತೋಷದಿಂದ ತೋರಿಸುತ್ತೇವೆ.